ಪಾರಿವಾಳದ ಗೂಡು

ಬೀಜಿಂಗಿನ ಹೌಹಾಯ್ ಕೆರೆ ದಂಡೆ ಸುತ್ತಿ ಕಾಲು ಸೋತಿತ್ತು. ಆದರೂ ಸೂಂಗ್ ಚಿಂಗ್‌ಲಿಂಗ್ ಅವರ ಮನೆ ನೋಡದೆ ವಾಪಸ್ ಬರೋಕೆ ಮನಸ್ಸಾಗಲಿಲ್ಲ. ಶಾಲೆಯಲ್ಲಿ 'ಚೀನಾ ಗಣರಾಜ್ಯ ಕಟ್ಟಿದ ಸುನ್ ಯಾತ್‌ಸೆನ್ ಅವರ ಮಡದಿ' ಅಂತ ಒಂದೇ ಸಾಲಿಗೆ ಮುಗಿಸಿದ್ದರು. 1925ರಲ್ಲಿ ಗಂಡ ತೀರಿಕೊಂಡ ಮೇಲೂ 56 ವರ್ಷ ತನ್ನ ದಾರಿ ತಾನೇ ಮಾಡಿಕೊಂಡು ಬದುಕಿದ ಹೆಂಗಸು!

1963ರಿಂದ 1981ರಲ್ಲಿ ಕೊನೆಯುಸಿರೆಳೆಯುವವರೆಗೆ ಇದ್ದದ್ದು ಇಲ್ಲೇ. ಅದಕ್ಕೂ ಮುಂಚೆ ಇದು ಕೊನೆಯ ಚಕ್ರವರ್ತಿ ಪೂಯಿಯ ಅಪ್ಪನ ಅರಮನೆ ತೋಟ. ಕೋಣೆಗಳನ್ನೆಲ್ಲ ಬೇಗ ಬೇಗ ನೋಡಿ ಮುಗಿಸಿದೆ, ನಿಂತದ್ದು ಮಾತ್ರ ತೋಟದ ಪಾರಿವಾಳದ ಗೂಡಿನ ಮುಂದೆ. ಪಾರಿವಾಳ ಅಂದ್ರೆ ಅವರಿಗೆ ಪ್ರಾಣವಂತೆ.

ಅವರ ಸಮಾಧಿ ಇಲ್ಲಿಲ್ಲ, ನಾನ್‌ಜಿಂಗಿನಲ್ಲಿ ಗಂಡನ ಭವ್ಯ ಸ್ಮಾರಕದಲ್ಲೂ ಇಲ್ಲ. ಶಾಂಘೈಯಲ್ಲಿ ಹೆತ್ತವರ ಸಮಾಧಿಯ ಒಂದು ಪಕ್ಕ ಇವರು. ಇನ್ನೊಂದು ಪಕ್ಕ, ಐವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದ ಮನೆಗೆಲಸದ ಲೀ ಯಾನ್‌ಎ. ಇಬ್ಬರಿಗೂ ಒಂದೇ ಅಳತೆಯ ಕಲ್ಲು.

ನಮ್ಮಜ್ಜಿ ಮನೆಯಲ್ಲಿ ಕೆಲಸದವಳ ಲೋಟ ಹಿತ್ತಿಲ ಗೋಡೆ ಮೇಲೆ ಬೇರೆಯೇ ಇರುತ್ತಿತ್ತು. ಯಾಕೋ ಅದು ನೆನಪಾಯಿತು. ಹೊರಗೆ ಬಂದು ಕೆರೆ ಮುಂದೆ ಸುಮ್ಮನೆ ಕೂತೆ. ಫೋಟೋ ಆಮೇಲೆ ಹಾಕ್ತೀನಿ, ಇಲ್ಲಿ ನೆಟ್ ಸರಿಯಿಲ್ಲ.