ವೇದಿಕೆ ಮೇಲೆ ಯಾರ್ಯಾರು ಕೂತಿದ್ದರು?

ಫೆಬ್ರವರಿ 18, 2024, ಭಾನುವಾರ
ಕಾಸರಗೋಡು

ನಿನ್ನೆ ನಮ್ಮೂರ ದೇವಸ್ಥಾನದ ಬ್ರಹ್ಮಕಲಶದ (ಪುನಃಪ್ರತಿಷ್ಠೆಯ ಉತ್ಸವದ) ಧಾರ್ಮಿಕ ಸಭೆಯಲ್ಲಿ ಸ್ವಾಮೀಜಿಯೊಬ್ಬರು ಆಡಿದ ಮಾತು ಇವತ್ತು ಬೆಳಗ್ಗೆ ಕಾಫಿ ಕುಡಿಯುವುದರೊಳಗೆ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಸುತ್ತುತ್ತಿತ್ತು. ಯಾರ ಅಂಗಡಿಗೆ ಹೋಗಬಾರದು, ಓಟು ಹಾಕುವಾಗ ಏನು ನೆನಪಿಟ್ಟುಕೊಳ್ಳಬೇಕು ಅಂತ ಆಶೀರ್ವಚನದಲ್ಲೇ ಹೇಳಿಬಿಟ್ಟರು. ಅದೇ ಬ್ರಹ್ಮಕಲಶಕ್ಕೆ ಅಕ್ಕಿ, ತೆಂಗಿನಕಾಯಿ ಹೊತ್ತು ತರುವ ಹೊರೆಕಾಣಿಕೆ ಮೆರವಣಿಗೆ ಪೇಟೆಯಲ್ಲಿ ಬರುವಾಗ ಮಸೀದಿ ಎದುರು ಬ್ಯಾರಿ ಹುಡುಗರು ಬಕೆಟ್ಟಿನಲ್ಲಿ ಶರಬತ್ತು ಹಿಡಿದು ನಿಂತಿದ್ದರು. ಆ ಫೋಟೋ ಕೂಡ ಇದೇ ಗ್ರೂಪುಗಳಲ್ಲಿ ಬಂದಿತ್ತು. ನಾಲ್ಕು ದಿನದಲ್ಲಿ ಮರೆತೇ ಹೋಯ್ತು.

ಸ್ವಾಮೀಜಿ ಮಾತಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಅವರ ಪಕ್ಕದ ಕುರ್ಚಿಗಳು. ಮೂರು ಪಕ್ಷದ ಮುಖಂಡರೂ ಇದ್ದರು. ಎಲ್ಲರ ಹೆಗಲಿನಲ್ಲೂ ಒಂದೇ ಬಣ್ಣದ ಶಾಲು. ಅವರಲ್ಲೊಬ್ಬರು ಪೇಟೆಯಲ್ಲಿ ಮೈಕ್ ಕಟ್ಟಿ ಜಾತ್ಯತೀತತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು. ಸ್ವಾಮೀಜಿ ಆ ಮಾತು ಹೇಳುವಾಗ ಅವರು ಮೊಬೈಲ್ ಒತ್ತುತ್ತಾ ಇದ್ದರು. ಸಭೆ ಚಪ್ಪಾಳೆ ಹೊಡೆಯಿತು. ಮೊಬೈಲನ್ನು ತೊಡೆ ಮೇಲಿಟ್ಟು ಅವರೂ ಒಂದೆರಡು ತಟ್ಟಿದರು, ಮತ್ತೆ ಮೊಬೈಲ್ ಎತ್ತಿಕೊಂಡರು. ಏನು ಹೇಳಿದರು ಅಂತ ಕಿವಿಗೆ ಬಿದ್ದಿತ್ತೋ ಇಲ್ಲವೋ!

ಕಾನೂನು ಇಲ್ಲ ಅಂತಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಧರ್ಮದ ಹೆಸರಲ್ಲಿ ಓಟು ಕೇಳುವುದು ಭ್ರಷ್ಟ ಆಚರಣೆ. ಓಟು ಕೇಳುವವನ ಧರ್ಮ ಮಾತ್ರವಲ್ಲ, ಓಟು ಹಾಕುವವನ ಧರ್ಮವನ್ನು ಎಳೆದು ತಂದರೂ ತಪ್ಪೇ ಅಂತ 2017ರ ಜನವರಿ 2ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಏಳು ಜಡ್ಜುಗಳಲ್ಲಿ ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಆದರೆ ಬೇರೆಯವರು ಹೇಳಿದ್ದಕ್ಕೆ ಅಭ್ಯರ್ಥಿಯ ಒಪ್ಪಿಗೆ ಇತ್ತು ಅಂತ ತೋರಿಸಬೇಕು. ಇಲ್ಲಿ ಇನ್ನೂ ಅಭ್ಯರ್ಥಿಯೇ ಇಲ್ಲ, ಒಪ್ಪಿಗೆ ಎಲ್ಲಿಂದ ಬರಬೇಕು? 1988ರ ಇನ್ನೊಂದು ಕಾಯ್ದೆ ಉಂಟು. ದೇವಸ್ಥಾನ, ಮಸೀದಿ, ಇಗರ್ಜಿಯ ಜಾಗವನ್ನು ರಾಜಕೀಯಕ್ಕೆ ಬಿಟ್ಟುಕೊಟ್ಟರೆ ಆಡಳಿತದವರಿಗೆ ಐದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ನಮ್ಮ ಸಮಿತಿಯವರಿಗೆ ಇದನ್ನು ಓದಿ ಹೇಳಿದರೆ ಆಮಂತ್ರಣ ಪತ್ರಿಕೆಯಲ್ಲಿ ಅರ್ಧ ಪುಟ ಖಾಲಿಯಾದೀತು.

ಇದು ಒಂದೇ ಧರ್ಮದವರ ಚಾಳಿ ಅಂತ ಯಾರೂ ಬೆರಳು ತೋರಿಸುವ ಹಾಗಿಲ್ಲ. 2021ರಲ್ಲಿ ಪಾಲಾ ಬಿಷಪ್, ಮಾದಕ ವಸ್ತು ಕೊಟ್ಟು ಬೇರೆ ಧರ್ಮದ ಯುವಕರನ್ನು ಕೆಡಿಸುವ ‘ನಾರ್ಕೋಟಿಕ್ ಜಿಹಾದ್’ ನಡೆಯುತ್ತಿದೆ ಅಂದು ಕೇರಳವಿಡೀ ಗಲಾಟೆಯಾಯಿತು. 2023ರ ಮಾರ್ಚಿನಲ್ಲಿ ತಲಶ್ಶೇರಿ ಆರ್ಚ್‌ಬಿಷಪ್ ಪಾಂಪ್ಲಾನಿ, ಕೇಂದ್ರ ಸರಕಾರ ರಬ್ಬರಿಗೆ ಕಿಲೋಗೆ 300 ರೂಪಾಯಿ ಮಾಡಿದರೆ ಆಗ ಇಲ್ಲಿಂದ ಎಂಪಿ ಇಲ್ಲದಿದ್ದ ಬಿಜೆಪಿಯ ಕೊರತೆ ನೀಗಿಸುತ್ತೇವೆ ಅಂದರು. ನಮ್ಮ ಜಿಲ್ಲೆಯೂ ಅವರ ಧರ್ಮಪ್ರಾಂತ್ಯಕ್ಕೇ ಸೇರಿದ್ದು. ಪೂರ್ವದ ಗುಡ್ಡಗಳಲ್ಲಿ ರಬ್ಬರ್ ನಂಬಿ ಬದುಕುವವರು ಎಷ್ಟೋ ಮಂದಿ. ಅವರ ಕಷ್ಟ ಬಿಷಪ್ ಹೇಳಲಿ, ಬೇಡ ಅನ್ನುವವನು ನಾನಲ್ಲ. ಆದರೆ ಆ ಓಟುಗಳು ಇವರ ಕಪಾಟಿನಲ್ಲಿ ಇದ್ದವಾ, ತೆಗೆದು ಕೊಡಲಿಕ್ಕೆ? ರಬ್ಬರು ಆ ವರ್ಷ 300 ಮುಟ್ಟಲಿಲ್ಲ, ಅದು ಬೇರೆ ವಿಷಯ.

ಅಮೆರಿಕದ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದ ಕಾಗದವೊಂದರಲ್ಲಿ ಚರ್ಚಿಗೂ ಸರಕಾರಕ್ಕೂ ನಡುವೆ ಗೋಡೆ ಅಂದ. ನಮ್ಮಲ್ಲಿರುವುದು ಗೋಡೆಯಲ್ಲ, ದಾಟಲಿಕ್ಕೆ ತಡಮೆ ಇಟ್ಟ ಬೇಲಿ. ಕೇರಳ ಸರಕಾರ ವರ್ಷಕ್ಕೆ ನಲವತ್ತಾರೂವರೆ ಲಕ್ಷ ರೂಪಾಯಿಯನ್ನು ದೇವಸ್ಥಾನಗಳನ್ನು ನಡೆಸುವ ತಿರುವಾಂಕೂರು ದೇವಸ್ವಂ ನಿಧಿಗೆ ಕೊಡಬೇಕು ಅಂತ ಸಂವಿಧಾನದಲ್ಲೇ (290ಎ) ಬರೆದಿಟ್ಟಿದ್ದಾರೆ. ಇತ್ತ ನಮ್ಮ ಕಡೆಯ ದೇವಸ್ಥಾನಗಳಿಗೆ ಮಲಬಾರ್ ದೇವಸ್ವಂ ಬೋರ್ಡ್ ಉಂಟು. ದೈವ ಕಟ್ಟುವವರಿಗೆ ಸರಕಾರದ ಮಾಸಾಶನವೂ ಬರುತ್ತದೆ. ಬರಲಿ. ಬಡವರಿಗೆ ಸಿಗುವ ದುಡ್ಡದು.

ಈ ಬೇಲಿ ಎಲ್ಲಿ ಹಾಕಬೇಕು ಅಂತ ದೇಶಕ್ಕೆ ಹೇಳಿಕೊಟ್ಟ ಎರಡು ಕೇಸು ನಮ್ಮ ಕಡೆಯಿಂದಲೇ ಹೋದವು. ಉಡುಪಿಯ ಶಿರೂರು ಮಠದ್ದು 1954ರಲ್ಲಿ, ನಾವೆಲ್ಲ ಇನ್ನೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. ಮಠದ ಲೆಕ್ಕಪತ್ರ ಸರಕಾರ ನೋಡಬಹುದು, ಪೂಜೆಗೆ ಕೈ ಹಾಕಬಾರದು ಅನ್ನುವುದು ಅದರ ತಿರುಳು. ಇನ್ನೊಂದು ಇಲ್ಲೇ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯದ್ದು. ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆ ಅಂತ ಕೋರ್ಟಿಗೆ ಹೋದರು. 13 ಜಡ್ಜುಗಳು 68 ದಿನ ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಸ್ವಾಮೀಜಿಯ ಜಮೀನು ಉಳಿಯಲಿಲ್ಲ, ಸಂವಿಧಾನದ ಮೂಲರಚನೆ, ಅಂದರೆ ತಿದ್ದುಪಡಿಯಿಂದಲೂ ಕೆಡಿಸಲಾಗದ ಅಡಿಪಾಯ, ಉಳಿಯಿತು. ಆ ಮೂಲರಚನೆಯಲ್ಲಿ ಏನೇನು ಸೇರುತ್ತದೆ ಅಂತ ಹೇಳುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಜಾತ್ಯತೀತ ಸ್ವರೂಪವನ್ನೂ ಸೇರಿಸಿದರು. ಆಗ ಪೀಠಿಕೆಯಲ್ಲಿ ಆ ಪದವೇ ಇರಲಿಲ್ಲ, ಬಂದದ್ದು 1976ರಲ್ಲಿ. ಅಂದರೆ ಯಾವ ಪಾರ್ಲಿಮೆಂಟಿಗೂ ಅಳಿಸಲಾಗದ ಹಾಗೆ ಜಾತ್ಯತೀತತೆ ಗಟ್ಟಿಯಾದದ್ದು ಒಬ್ಬ ಮಠಾಧೀಶರ ಅರ್ಜಿಯಿಂದ! ಯಕ್ಷಗಾನದ ಪದ ಹೇಳುತ್ತಿದ್ದ ಸ್ವಾಮೀಜಿ ಅವರು. ಸರಕಾರದ ಜೊತೆ ತಕರಾರು ಬಂದಾಗ ಓಟಿನ ಲೆಕ್ಕ ಹೇಳಲಿಲ್ಲ, ವಕೀಲರನ್ನು ಹಿಡಿದರು.

ಸಂಜೆ ಸಮಿತಿಯ ಶೆಟ್ರು ದಾರಿಯಲ್ಲಿ ಸಿಕ್ಕಿದರು. ಮುಂದಿನ ವರ್ಷದ ಜಾತ್ರೆಯಿಂದ ಪಕ್ಷದವರನ್ನು ವೇದಿಕೆಗೆ ಕರೆಯುವುದು ಬೇಡ, ಬೇಕಾದರೆ ಬಂದು ಊಟಕ್ಕೆ ಬಡಿಸಲಿ ಅಂದೆ.

“ಅಲ್ಲ ಮಾಸ್ಟ್ರೇ, ದೇವಸ್ಥಾನದ ರಸ್ತೆಗೆ ಡಾಮರು ಯಾರು ಹಾಕಿಸುವುದು?”

“ರಸ್ತೆ ಪಂಚಾಯತಿನದ್ದು ಶೆಟ್ರೇ. ಡಾಮರು ಹಾಕುವುದು ಅವರ ಕೆಲಸ. ಅದಕ್ಕೆ ಶಾಲು ಯಾಕೆ?”

ಶೆಟ್ರು ನಕ್ಕರು. “ಇದನ್ನು ಬುಧವಾರದ ಮೀಟಿಂಗಿನಲ್ಲಿ ನೀವೇ ಎದ್ದು ಹೇಳಿ ಮಾರಾಯ್ರೇ. ನಾನು ಹಿಂದಿನ ಬೆಂಚಿನಲ್ಲಿ ಕೂತು ಹೌದು ಹೌದು ಅನ್ನುತ್ತೇನೆ.”