ಸ್ವಯಂಸೇವಕರಾ? ಅಯ್ಯೋ, ನಾನಲ್ಲಪ್ಪ

ಮೂಡಿಗೆರೆ ಕಡೆಯ ಒಂದು ಹಳ್ಳಿ. ಏಪ್ರಿಲ್ ತಿಂಗಳು, ಶಾಲೆ ಮೈದಾನದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಟೂರ್ನಿ. ನಲವತ್ತು ದಾಟಿದ ಒಬ್ಬರು ಬಿಸಿಲಲ್ಲಿ ಬಗ್ಗಿಕೊಂಡು ಅಂಕಣಕ್ಕೆ ಗೆರೆ ಹಾಕುತ್ತಿದ್ದರು. ಗೂಟ, ಹಗ್ಗ, ತಗಡಿನ ಡಬ್ಬಿಯಲ್ಲಿ ಸುಣ್ಣದ ಪುಡಿ. ಉದ್ದ 18 ಮೀಟರ್, ಅಗಲ 9. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ನೋಡಿದರು. ಒಂದು ಕಡೆ ನಾಲ್ಕು ಬೆರಳು ಸೊಟ್ಟ. ಕಾಲಲ್ಲಿ ಉಜ್ಜಿ ಅಳಿಸಿ ಮತ್ತೆ ಹಾಕಿದರು.

ನಾನು ಸಮೀಕ್ಷೆಯ ಫಾರಂ ಹಿಡಿದು ಹತ್ತಿರ ಹೋದೆ. "ಅಣ್ಣಾ, ಹೋದ ನಾಲ್ಕು ವಾರದಲ್ಲಿ ಕ್ರೀಡೆಗೆ ಸಂಬಂಧಪಟ್ಟ ಹಾಗೆ ಸ್ವಯಂಸೇವಕರಾಗಿ ಏನಾದ್ರೂ ಕೆಲಸ ಮಾಡಿದ್ದೀರಾ?"

"ಅಯ್ಯೋ, ನಾನಲ್ಲಪ್ಪ. ಬ್ಯಾಡ್ಜ್ ಹಾಕ್ಕೊಂಡು ಜಾತ್ರೇಲಿ ನಿಲ್ತಾರಲ್ಲ, ಅವರು ಸ್ವಯಂಸೇವಕರು. ನಾನು ಸುಮ್ನೆ ಹುಡುಗ್ರ ಜೊತೆ ಓಡಾಡ್ತೀನಿ ಅಷ್ಟೆ."

ನಾನು 'ಇಲ್ಲ' ಅಂತ ಟಿಕ್ ಹಾಕಿ ಮುಂದೆ ಹೋದೆ. ಕೈಯಲ್ಲಿ ಸುಣ್ಣ ಮೆತ್ತಿಕೊಂಡವರ ಮುಂದೆ ನಿಂತು!

ಊರಿನ ಆಟೋಟಕ್ಕೆ ಸಂಬಳ ತಗೊಳ್ಳದೆ ದುಡಿಯುವ ದೊಡ್ಡವರು ಎಷ್ಟು ಜನ, ಎಷ್ಟು ಹೊತ್ತು ದುಡಿಯುತ್ತಾರೆ ಅಂತ ಲೆಕ್ಕ ಹಾಕೋದು ನಮ್ಮ ಕೆಲಸವಾಗಿತ್ತು. ಮೊದಲ ವಾರದ ಫಾರಂಗಳು ಬಹುಪಾಲು ಖಾಲಿ. ಆಮೇಲೆ 'ಸ್ವಯಂಸೇವಕ' ಎಂಬ ಪದವನ್ನೇ ಕಿತ್ತು ಹಾಕಿದೆವು. ಗೆರೆ ಹಾಕಿದ್ದೀರಾ? ಚಂದಾ ಎತ್ತಿದ್ದೀರಾ? ಅಂಪೈರ್ ಆಗಿದ್ದೀರಾ? ಹುಡುಗರನ್ನು ಜೀಪಲ್ಲಿ ಕರ್ಕೊಂಡು ಹೋಗಿದ್ದೀರಾ? ಹೀಗೆ ಕೇಳಿದರೆ ಜನ ಬಾಯಿಬಿಟ್ಟರು. ಇದೇನು ನಾವು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ 'ಆಕ್ಟಿವ್ ಲೈವ್ಸ್' ಸಮೀಕ್ಷೆಯಲ್ಲೂ ಒಂದೊಂದು ಕೆಲಸದ ಹೆಸರು ಹೇಳಿಯೇ ಕೇಳುತ್ತಾರೆ. 12 ತಿಂಗಳಲ್ಲಿ ಎರಡು ಸಲವಾದರೂ ಮಾಡಿದ್ದರೆ ಲೆಕ್ಕಕ್ಕೆ.

ಯಾರನ್ನು ಸೇರಿಸೋದು ಅನ್ನೋದು ಇನ್ನೊಂದು ತಲೆನೋವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂಕಿಅಂಶ ತಜ್ಞರ ಸಮ್ಮೇಳನ 2013ರಲ್ಲಿ ಒಂದು ವ್ಯಾಖ್ಯೆ ಕೊಟ್ಟಿದೆ: ಸಂಬಳ ಇರಬಾರದು, ಬಲವಂತ ಇರಬಾರದು, ಬೇರೆಯವರಿಗಾಗಿ ಮಾಡಿರಬೇಕು, ಕನಿಷ್ಠ ಒಂದು ಗಂಟೆ. ಓದೋಕೆ ಸುಲಭ. ಆದರೆ ಪಿಟಿ ಮೇಷ್ಟ್ರು ಬಂದರೆ? ಓಓಡಿ ಮೇಲೆ, ಅಂದರೆ ಇಲಾಖೆಯೇ ಬೇರೆ ಕರ್ತವ್ಯ ಅಂತ ಕಳಿಸಿ, ಬಂದಿದ್ದರೆ ಅದು ನೌಕರಿ. ಭಾನುವಾರ ತಾವಾಗಿ ಸೀಟಿ ಹಿಡಿದು ಬಂದಿದ್ದರೆ ನಮ್ಮ ಲೆಕ್ಕಕ್ಕೆ. ಒಬ್ಬರೇ ಮೇಷ್ಟ್ರು, ಎರಡು ಕಾಲಂ. ಪೆಟ್ರೋಲ್ ಖರ್ಚು ಕೊಟ್ಟರು ಅಂತ ಅವರನ್ನು ಬಿಡಲಿಲ್ಲ.

ಒಬ್ಬ ಅಕ್ಕನ ವಿಷಯಕ್ಕೆ ಆಫೀಸಲ್ಲಿ ಜಗಳವೇ ಆಯಿತು. ಬೆಳಗ್ಗೆ ಐದಕ್ಕೆ ಎದ್ದು ಇಡೀ ತಂಡಕ್ಕೆ ಚಿತ್ರಾನ್ನ ಕಲಸಿದವರು. "ಅದು ಮನೆ ಕೆಲಸ ಅಲ್ವಾ, ಅದನ್ಯಾಕೆ ಬರೀತೀರಿ?" ಅಂತ ಆ ಅಕ್ಕನೇ ಅಂದರು. ತಂಡದಲ್ಲಿ ಅವರ ಮಗ ಒಬ್ಬನೇ, ಉಳಿದವರೆಲ್ಲ ಊರಿನ ಹುಡುಗರು. ನಾನು ಹಟ ಹಿಡಿದು ಸೇರಿಸಿದೆ. ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ನನ್ನ ದೊಡ್ಡ ತಪ್ಪು ಮಾತ್ರ ಎಕ್ಸೆಲ್‌ನಲ್ಲಿತ್ತು. ನಾಲ್ಕು ವಾರದ್ದು ಕೇಳಿ ಅಂತ ಅದೇ ಕಾರ್ಮಿಕ ಸಂಸ್ಥೆಯ 2011ರ ಕೈಪಿಡಿ ಹೇಳುತ್ತದೆ, ನೆನಪು ಹಸಿಯಾಗಿರುತ್ತದೆ ಅಂತ. ನಾನು ಏಪ್ರಿಲ್‌ನ ಗಂಟೆಗಳನ್ನು 13ರಿಂದ ಗುಣಿಸಿ (52 ವಾರ ಅಂದರೆ ನಾಲ್ಕು ವಾರ 13 ಸಲ) ವರ್ಷದ ಲೆಕ್ಕ ಕೊಟ್ಟೆ. ಹಿರಿಯರೊಬ್ಬರು ನೋಡಿ, "ಜುಲೈ ಮಳೇಲೂ ನಿಮ್ಮೂರಲ್ಲಿ ವಾಲಿಬಾಲ್ ಆಡ್ತಾರೇನ್ರಿ?" ಅಂದರು. ಮಲೆನಾಡಿನ ಮಳೆಗಾಲದಲ್ಲಿ ಕೆಸರುಗದ್ದೆ ಓಟ ಬಿಟ್ಟರೆ ಇನ್ನೇನಿದೆ? ಡಿಸೆಂಬರ್‌ನಲ್ಲಿ ಎರಡನೇ ಸುತ್ತು ಹೋದಾಗ ಕಾಫಿ ಕುಯ್ಲು. "ಹಣ್ಣು ಉದುರ್ತಾ ಇದೆ, ಆಟ ಎಂಥದು ಮಾರಾಯ್ರೆ" ಅಂದು ತೋಟಕ್ಕೆ ಹೊರಟೇಬಿಟ್ಟರು. ಆ ಲೆಕ್ಕವನ್ನು 13ರಿಂದ ಗುಣಿಸಿದ್ದರೆ ಊರಲ್ಲಿ ಯಾರೂ ಚೆಂಡನ್ನೇ ಮುಟ್ಟಿಲ್ಲ ಅಂತ ಬರುತ್ತಿತ್ತು.

ನಮ್ಮ ದೇಶದ ಸಮಯ ಬಳಕೆ ಸಮೀಕ್ಷೆ, 2019ರದ್ದೂ 2024ರದ್ದೂ, ಬೆಳಗಿನ ಜಾವ 4ರಿಂದ ಮರುದಿನ 4ರವರೆಗಿನ ಒಂದೇ ದಿನದ ಲೆಕ್ಕ ಕೇಳುತ್ತದೆ. ಒಟ್ಟು ಹೊತ್ತಿನ ಅಂದಾಜಿಗೆ ಅದು ಒಳ್ಳೆಯ ದಾರಿ. ಆದರೆ ವರ್ಷದಲ್ಲಿ ಯಾರ್ಯಾರು ಕೈಹಾಕಿದರು ಅಂತ ಅದರಿಂದ ಗೊತ್ತಾಗಲ್ಲ. ಮಂಗಳವಾರದ ಬಗ್ಗೆ ಕೇಳಿದರೆ ಭಾನುವಾರದ ಚಿತ್ರಾನ್ನ ಎಲ್ಲಿಂದ ಬರಬೇಕು?

ಕೊನೆಗೆ ವರ್ಷವನ್ನೇ ಕೇಳಿದೆವು, ಆದರೆ ತಿಂಗಳ ಹೆಸರು ಹಿಡಿದಲ್ಲ. ಸುಗ್ಗಿ ಹಬ್ಬದ ಹೊತ್ತಿಗೆ ಏನು ಮಾಡಿದ್ರಿ, ಗಣಪತಿ ಕೂರಿಸಿದಾಗ, ಕುಯ್ಲು ಮುಗಿದ ಮೇಲೆ? ಹಬ್ಬ ಹೇಳಿದರೆ ಟೂರ್ನಿ ನೆನಪಾಗುತ್ತದೆ, ಟೂರ್ನಿ ನೆನಪಾದರೆ ಗಂಟೆ.

ಮರು ಏಪ್ರಿಲ್‌ನಲ್ಲಿ ಗೆರೆ ಹಾಕುವ ಅಣ್ಣ ಅದೇ ಮೈದಾನದಲ್ಲಿ ಸಿಕ್ಕಿದರು, ಅದೇ ಡಬ್ಬಿ. ಈ ಸಲ ಗೆರೆಗೆ ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದೆ. ಅಂಕಣದ ಕಡೆ ಒಮ್ಮೆ ನೋಡಿ ಹೇಳಿದರು, "ಮೂರು ಗಂಟೆ ಆಯ್ತು. ಆದ್ರೆ ಎರಡೇ ಬರ್ಕೊಳ್ಳಿ. ಸೊಟ್ಟ ಬಂದಿದ್ದು ನಂದೇ ತಪ್ಪು, ಅದನ್ನ ಸೇರಿಸ್ಬೇಡಿ."

ಮೂರು ಅಂತಲೇ ಬರೆದುಕೊಂಡೆ.