ಹತ್ಸುಕಾಇಚಿಯ ಕೆಂಡಾಮ ಪಾಠ

ಕೆಲಸದ ನಿಮಿತ್ತ ಹಿರೋಶಿಮಾದಲ್ಲಿದ್ದ ಚಳಿಗಾಲದ ಒಂದು ಭಾನುವಾರ, ಪಕ್ಕದ ಹತ್ಸುಕಾಇಚಿ ಊರಿನ ಸಮುದಾಯ ಭವನದಲ್ಲಿ ಕೆಂಡಾಮ ಎಂಬ ಮರದ ಆಟಿಕೆಯ ಆಟ ಕಲಿಸುತ್ತಾರೆಂದು ತಿಳಿದು ಬೆಳಿಗ್ಗೆಯೇ ರೈಲು ಹತ್ತಿದೆ. ಚನ್ನಪಟ್ಟಣದ ಬಣ್ಣದ ಆಟಿಕೆಗಳ ನಡುವೆ ಬೆಳೆದ ನನಗೆ ಲೇತ್‌ನಲ್ಲಿ ಕಡೆದ ಮರದ ಮೇಲೆ ಮೊದಲಿನಿಂದಲೂ ಮೋಹ.

ಜಪಾನಿ ಭಾಷೆಯಲ್ಲಿ ಕೆನ್ ಎಂದರೆ ಕತ್ತಿ, ತಾಮಾ ಎಂದರೆ ಚೆಂಡು. ಮೊನೆಯುಳ್ಳ ಮರದ ಹಿಡಿಗೆ ಅಡ್ಡವಾಗಿ ಇನ್ನೊಂದು ತುಂಡು ಕೂಡಿಸಿರುತ್ತಾರೆ. ಅದರ ಒಂದು ತುದಿಯಲ್ಲಿ ದೊಡ್ಡ ಬಟ್ಟಲು, ಇನ್ನೊಂದರಲ್ಲಿ ಚಿಕ್ಕದು, ಹಿಡಿಯ ಬುಡದಲ್ಲಿ ಮಧ್ಯಮ ಗಾತ್ರದ ಮೂರನೆಯದು. ತೂತಿರುವ ಚೆಂಡನ್ನು ಸುಮಾರು 40 ಸೆಂಟಿಮೀಟರ್ ದಾರದಿಂದ ಹಿಡಿಗೆ ಕಟ್ಟಿರುತ್ತದೆ. ಕುರೆ ನಗರದ ಎಗುಸಾ ಹಮಾಜಿ ಎಂಬುವರ ಹೆಸರಿನಲ್ಲಿ 1919ರಲ್ಲಿ ಈ ವಿನ್ಯಾಸ ನೋಂದಣಿಯಾಯಿತು. ಚೆಂಡನ್ನು ಸೂರ್ಯನಿಗೂ ಬಟ್ಟಲನ್ನು ಬಾಗಿದ ಚಂದ್ರನಿಗೂ ಹೋಲಿಸಿ ಅವರು ಇದನ್ನು ಸೂರ್ಯಚಂದ್ರರ ಚೆಂಡು ಎಂದು ಕರೆದಿದ್ದರು. ಮರ ಕಡೆಯುವ ಕುಶಲಕರ್ಮಿಗಳು ಹತ್ಸುಕಾಇಚಿಯಲ್ಲಿ ಇದ್ದುದರಿಂದ 1921ರಲ್ಲಿ ತಯಾರಿಕೆ ಇಲ್ಲಿ ಮೊದಲಾಯಿತು.

ಕಲಿಸಿದವರು ಎಪ್ಪತ್ತು ದಾಟಿದ ಹಿರಿಯರು. ಎಲ್ಲರಂತೆ ನಾನೂ ಅವರನ್ನು ಸೆನ್ಸೇ, ಅಂದರೆ ಗುರುಗಳೇ, ಎಂದೇ ಕರೆದೆ. ಎಲ್ಲಕ್ಕಿಂತ ಕೆಳಗಿನದಾದ ಹತ್ತನೆಯ ದರ್ಜೆಯ ಪಾಠ, ಚೆಂಡನ್ನು ದೊಡ್ಡ ಬಟ್ಟಲಿನಲ್ಲಿ ಹಿಡಿಯುವುದರಿಂದ ಆರಂಭ. ನಾನು ತೋಳಿನ ಬಲದಿಂದ ಚೆಂಡನ್ನು ಮೇಲೆ ಎಳೆಯುತ್ತಿದ್ದೆ, ಅದು ಬಟ್ಟಲಿನ ಅಂಚಿಗೆ ಬಡಿದು ಪುಟಿಯುತ್ತಿತ್ತು. ಅವರು ಬಂದು ನನ್ನ ಮೊಣಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ "ಹಿಜಾ, ಹಿಜಾ" ಎಂದರು. ಮೊಣಕಾಲಿಗೆ ಅವರ ಮಾತಿನಲ್ಲಿ ಹಿಜಾ. ಮೊದಲು ಕಾಲು ಬಗ್ಗಿಸಿ, ಏಳುವಾಗ ಚೆಂಡನ್ನು ಎಬ್ಬಿಸಿ, ಅದು ಇಳಿಯುವಾಗ ಮತ್ತೆ ಬಗ್ಗಬೇಕು. ಆಗ ಬಟ್ಟಲು ಚೆಂಡಿನ ಜೊತೆಗೇ ಕೆಳಗಿಳಿಯುವುದರಿಂದ ಚೆಂಡು ಪುಟಿಯುವುದಿಲ್ಲ. ಹಾಗೆ ಮಾಡಿದ ಮೇಲೆ ಬಡಿತದ ಟಕ್ ಸದ್ದು ಅಡಗಿ, ಚೆಂಡು ಮೆತ್ತಗೆ ಬಟ್ಟಲಲ್ಲಿ ಕೂರತೊಡಗಿತು.

ಮಧ್ಯಾಹ್ನದ ಪಾಠ ಆರನೆಯ ದರ್ಜೆಯ ತೊಮೆಕೆನ್, ಅಂದರೆ ನೇತಾಡುವ ಚೆಂಡನ್ನು ನೇರವಾಗಿ ಮೇಲೆಳೆದು ಅದರ ತೂತಿಗೆ ಮೊನೆ ಸೇರಿಸುವುದು. ದಾರ ಚೆಂಡಿನ ನೆತ್ತಿಯಿಂದ ಹೊರಟಿರುವುದರಿಂದ ತೂತು ತಾನಾಗಿಯೇ ಕೆಳಮುಖವಾಗಿರುತ್ತದೆ. ಎಳೆತ ಸ್ವಲ್ಪ ಓರೆಯಾದರೂ ಚೆಂಡು ಉರುಳಿ ತೂತು ಪಕ್ಕಕ್ಕೆ ಸರಿದುಬಿಡುತ್ತದೆ. ನನ್ನ ಚೆಂಡು ಪ್ರತಿ ಬಾರಿಯೂ ತಿರುಗುತ್ತಲೇ ಮೇಲೇರುತ್ತಿತ್ತು. ಸೆನ್ಸೇ ಎರಡು ಬೆರಳಿನಿಂದ ಚೆಂಡನ್ನು ಹಿಡಿದು, ದಾರದ ಸುರುಳಿ ಬಿಚ್ಚಿಕೊಳ್ಳುವ ತನಕ ಕಾದು, ಅದು ಪೂರ್ತಿ ನಿಶ್ಚಲವಾದ ಮೇಲೆಯೇ ಕೈಬಿಟ್ಟರು. ಎಳೆಯುವುದಕ್ಕಿಂತ ಮುಂಚಿನ ಆ ಕಾಯುವಿಕೆಯೇ ಈ ಆಟದ ಅತಿ ಕಷ್ಟದ ಭಾಗವೆಂದು ನನಗೆ ಈಗಲೂ ಅನಿಸುತ್ತದೆ.

ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ, ಆಮೆ ಮತ್ತು ಮೊಲದ ಹಳೆಯ ಮಕ್ಕಳ ಹಾಡನ್ನು ಗುನುಗುತ್ತಾ, ಚೆಂಡನ್ನು ದೊಡ್ಡ ಬಟ್ಟಲಿನಿಂದ ಬುಡದ ಬಟ್ಟಲಿಗೂ ಅಲ್ಲಿಂದ ಮರಳಿ ದೊಡ್ಡದಕ್ಕೂ ತಾಳ ತಪ್ಪದೆ ದಾಟಿಸುತ್ತಿದ್ದಳು. ಅವಳ ಮೊಣಕಾಲುಗಳು ಹಾಡಿಗೆ ಸರಿಯಾಗಿ ಬಗ್ಗಿ ಏಳುವುದನ್ನು ನೋಡುತ್ತಾ ನಾನೂ ನನ್ನ ಉಸಿರನ್ನು ಆ ಲಯಕ್ಕೆ ಹೊಂದಿಸಿಕೊಂಡೆ.

ನಾಲ್ಕು ಗಂಟೆಯ ಹೊತ್ತಿಗೆ ಕೆಂಪು ಚೆಂಡು ಒಮ್ಮೆ ಅಲುಗದೆ ಎದೆಯ ಮಟ್ಟಕ್ಕೆ ಏರಿ ಕ್ಷಣಕಾಲ ನಿಂತಿತು. ನಾನು ಬಗ್ಗಿದೆ. ಮರದೊಳಗೆ ಮರ ಇಳಿದ ಗಟ್ಟಿ ಸದ್ದು ಬೆರಳುಗಳಿಗೂ ತಾಕಿತು. ಸೆನ್ಸೇ ತಲೆಯಾಡಿಸಿ, ಚೆಂಡನ್ನು ಮೊನೆಯಿಂದ ಬಿಡಿಸಿ ಮತ್ತೆ ನೇತುಬಿಟ್ಟು, "ಮೋ ಇಕ್ಕಾಯ್" ಎಂದರು. ಇನ್ನೊಂದು ಸಲ. ದಾರ ನಿಶ್ಚಲವಾಗುವ ತನಕ ಇಬ್ಬರೂ ಕಾದೆವು.